ಎಸ್‌ಟಿಎಂ32 ಬೋರ್ಡಿಗೆ ಸೀರಿಯಲ್ ಲೈನ್‌ನಲ್ಲೇ ಫರ್ಮ್‌ವೇರ್ ಹಾಕೋದು: ಬೂಟ್‌ಲೋಡರ್ ಮಾತಾಡ್ತಿಲ್ಲ, ಪಂಪ್ ಶೆಡ್ 180 ಮೀಟರ್ ದೂರ

ತೋಟದಮನೆ

ಹಿರಿಯಡಕದ ಹತ್ತಿರ ನಮ್ಮ ಅಡಿಕೆ ತೋಟ. ಪಂಪ್ ಶೆಡ್ ಕೆಳಗೆ ಸ್ವರ್ಣಾ ಹೊಳೆಯ ಬದಿಯಲ್ಲಿದೆ, ಮನೆ ಮೇಲೆ. ನಡುವೆ 180 ಮೀಟರ್ ಕೇಬಲ್. ಶೆಡ್‌ನಲ್ಲಿ ಒಂದು ಕಂಟ್ರೋಲರ್ ಬೋರ್ಡ್ ಇದೆ, ಅದರ ಮೈಕ್ರೋಕಂಟ್ರೋಲರ್ ಚಿಪ್ ಎಸ್‌ಟಿಎಂ32ಎಫ್103ಸಿ8 (ಚಿಕ್ಕದಾಗಿ ಎಫ್103). ಮೂರು ಫೇಸ್ ಸರಿ ಇದೆಯಾ, ನೀರಿಲ್ಲದೆ ಮೋಟಾರ್ ಓಡುತ್ತಿದೆಯಾ ಎಂದು ನೋಡುತ್ತದೆ, ಸ್ಟಾರ್ಟರ್‌ನ ರಿಲೇ ಎಳೆಯುತ್ತದೆ, ಆರ್‌ಎಸ್-485 (ಎರಡು ತಂತಿಯಲ್ಲಿ ದೂರಕ್ಕೆ ಸೀರಿಯಲ್ ಡೇಟಾ ಕಳಿಸುವ ಪದ್ಧತಿ) ಮೇಲೆ ಮನೆಗೆ ಸುದ್ದಿ ಕಳಿಸುತ್ತದೆ. ಬೋರ್ಡ್ ಮಾಡಿಕೊಟ್ಟವರು ಈಗ ಆ ಕೆಲಸವನ್ನೇ ಬಿಟ್ಟಿದ್ದಾರೆ. ಸೋರ್ಸ್ ಕೋಡ್ ಮತ್ತು ಸರ್ಕ್ಯೂಟ್‌ನ ಪಿಡಿಎಫ್ ಕೈಗೆ ಕೊಟ್ಟು ಹೋದರು, ಅಷ್ಟಾದರೂ ಪುಣ್ಯ.

ಡ್ರೈ ರನ್ (ನೀರಿಲ್ಲದೆ ಓಡುವುದು) ಲೆಕ್ಕವನ್ನು ಸ್ವಲ್ಪ ಬದಲಿಸಬೇಕಿತ್ತು. ಬದಲಿಸಿದೆ, ಬಿಲ್ಡ್ ಆಯಿತು, 22 ಕೆಬಿಯ ಬಿನ್ ಫೈಲ್ (ಚಿಪ್‌ಗೆ ಹಾಕುವ ಫರ್ಮ್‌ವೇರ್, ಅಂದರೆ ಅದರ ಪ್ರೋಗ್ರಾಂ) ಬಂತು. ಅದನ್ನು ಒಳಗೆ ಹಾಕುವುದೇ ಆಗುತ್ತಿಲ್ಲ. ಒಂದು ಬಿಡಿ ಬೋರ್ಡ್ ಮೇಜಿನ ಮೇಲಿದೆ. ಯುಎಸ್‌ಬಿಯಿಂದ ಸೀರಿಯಲ್‌ಗೆ ಸಿಎಚ್340 ಅಡಾಪ್ಟರ್, ಜಂಪರ್ 3.3 ವೋಲ್ಟ್‌ಗೆ. ಅದರ ಟಿಎಕ್ಸ್ (ಕಳಿಸುವ ತಂತಿ) ಚಿಪ್‌ನ ಪಿಎ10 ಪಿನ್ನಿಗೆ, ಆರ್‌ಎಕ್ಸ್ (ಪಡೆಯುವ ತಂತಿ) ಪಿಎ9ಕ್ಕೆ, ಗ್ರೌಂಡ್ ಗ್ರೌಂಡಿಗೆ. ಬೂಟ್0 ಪಿನ್ನನ್ನು 3.3ಕ್ಕೆ ಕೊಟ್ಟು ರೀಸೆಟ್ ಒತ್ತಿದರೆ ಚಿಪ್ ಒಳಗೇ ಇರುವ ಬೂಟ್‌ಲೋಡರ್ (ಹೊಸ ಫರ್ಮ್‌ವೇರ್ ಪಡೆದು ಬರೆಯುವ ಪ್ರೋಗ್ರಾಂ) ಏಳಬೇಕು ಅಲ್ವಾ? ಏಳುತ್ತಿಲ್ಲ. ಕಂಪ್ಯೂಟರ್‌ನಿಂದ ಬರೆಯುವ ಎಸ್‌ಟಿಎಂ32ಫ್ಲ್ಯಾಶ್ ಟೂಲ್ ಸುಮ್ನೆ ಕಾದು ಕಾದು ಕೈಚೆಲ್ಲುತ್ತದೆ. 115200, 57600, 9600 ಎಲ್ಲ ವೇಗದಲ್ಲೂ ಅದೇ ಕಥೆ.

ಎರಡನೇ ಪ್ರಶ್ನೆಯೂ ಇದೆ. ಇದು ಸರಿಯಾದ ಮೇಲೆ, ಮನೆಯಲ್ಲೇ ಕೂತು ಆ 485 ಕೇಬಲ್ ಮೇಲೆ ಶೆಡ್‌ನ ಬೋರ್ಡಿಗೆ ಹಾಕಬಹುದಾ? ಮಳೆಗಾಲದಲ್ಲಿ ಪಂಪ್ ನಿಂತಿರುತ್ತದೆ, ಪ್ರಯೋಗಕ್ಕೆ ಅದೇ ಒಳ್ಳೆ ಸಮಯ. ಆದರೆ ಆಗ ಶೆಡ್‌ಗೆ ಇಳಿಯುವ ದಾರಿ ತುಂಬಾ ಪಾಚಿ, ಉಂಬುಳ ಬೇರೆ. ಪೆಟ್ಟಿಗೆಯನ್ನು ಥಂಡಿ ಹೋಗಬಾರದೆಂದು ಸಿಲಿಕೋನ್ ಹಾಕಿ ಮುಚ್ಚಿದ್ದಾರೆ. ಹೊರಗೆ ಬಂದಿರುವುದು 485ರ ಎರಡು ತಂತಿ ಮಾತ್ರ.

ಬೆಸುಗೆಹೊಗೆ

ಪ್ಯಾರಿಟಿ (ತಪ್ಪು ಹಿಡಿಯಲು ಪ್ರತಿ ಬೈಟಿನ ಜೊತೆ ಹೋಗುವ ಬಿಟ್) ಈವನ್ ಇದೆಯಾ ನೋಡಿ. ಹೆಚ್ಚಾಗಿ ಅದೇ ಆಗಿರುತ್ತದೆ.

ತೋಟದಮನೆ

ಟೂಲ್ ತಾನೇ ಎಂಟು ಬಿಟ್, ಈವನ್, ಒಂದು ಸ್ಟಾಪ್ ಇಡುತ್ತದೆ. ನೋಡಿದೆ, ಸರಿ ಇದೆ.

ಧಕ್ಕೆರಿಪೇರಿ

ಮೊದಲು ಚಿಪ್ಪನ್ನು ಬಿಟ್ಟುಬಿಡಿ. ಅಡಾಪ್ಟರ್‌ನ ಟಿಎಕ್ಸ್ ಮತ್ತು ಆರ್‌ಎಕ್ಸ್ ಎರಡನ್ನೂ ಒಂದಕ್ಕೊಂದು ಸೇರಿಸಿ, ಟರ್ಮಿನಲ್‌ನಲ್ಲಿ ಎಂತಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಹಾಗೇ ವಾಪಸ್ ಬಂದರೆ ಅಡಾಪ್ಟರ್, ಡ್ರೈವರ್, ಯುಎಸ್‌ಬಿ ಕೇಬಲ್ ಮೂರೂ ಪಾಸ್. ನಾನು ಮಂಗಳೂರು ಧಕ್ಕೆಯಲ್ಲಿ ಬೋಟಿನ ಫಿಶ್ ಫೈಂಡರ್, ಜಿಪಿಎಸ್ ರಿಪೇರಿ ಮಾಡುವವ. ಇಲ್ಲಿಗೆ ಬರುವ ಸೀರಿಯಲ್ ಕೇಸುಗಳಲ್ಲಿ ಜಾಸ್ತಿ ಪಾಲು ಪ್ರೋಟೊಕಾಲ್ ಅಲ್ಲ, ಹಸಿರು ಹಿಡಿದ ಗ್ರೌಂಡ್ ತಂತಿ. ಉಪ್ಪಿನ ಗಾಳಿಗೆ ತಾಮ್ರ ಒಳಗಿಂದಲೇ ತಿಂದುಹೋಗಿರುತ್ತದೆ, ಮೇಲಿನ ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತಿರುತ್ತದೆ.

ಸುರತ್ಕಲ್‌ಸೀನಿಯರ್

ಈ ಲೂಪ್‌ಬ್ಯಾಕ್ ಪರೀಕ್ಷೆ (ಟಿಎಕ್ಸ್, ಆರ್‌ಎಕ್ಸ್ ಸೇರಿಸಿ ನೋಡುವುದು) ಪಾಸಾದ ಮೇಲೆ ಮುಂದಿನದು. ಆ ಬೂಟ್‌ಲೋಡರ್ ಏನನ್ನು ಕಾಯುತ್ತದೆ ಅಂತ ಗೊತ್ತಿದ್ದರೆ ಹುಡುಕುವುದು ಸುಲಭ.

ಎಫ್103ರ ಒಳಗೆ ಕಾರ್ಖಾನೆಯಲ್ಲೇ ಬರೆದ ಒಂದು ಸಣ್ಣ ಪ್ರೋಗ್ರಾಂ ಇದೆ. ಅದಿರುವ ಜಾಗಕ್ಕೆ ಸಿಸ್ಟಮ್ ಮೆಮೊರಿ ಅಂತ ಹೆಸರು, ವಿಳಾಸ ಹೆಕ್ಸ್ 1ಎಫ್ಎಫ್ಎಫ್ಎಫ್000. ನಿಮ್ಮ ಫ್ಲ್ಯಾಶ್ (ನಿಮ್ಮ ಪ್ರೋಗ್ರಾಂ ಕೂರುವ ಮೆಮೊರಿ) ಹೆಕ್ಸ್ 08000000ದಿಂದ ಶುರು. ಹೆಕ್ಸ್ ಅಂದರೆ ಹದಿನಾರರ ಅಂಕಿ ಪದ್ಧತಿ. ಎರಡೂ ಬೇರೆ ಬೇರೆ, ಆದ್ದರಿಂದ ಫ್ಲ್ಯಾಶ್ ಪೂರ್ತಿ ಅಳಿಸಿದರೂ ಇದು ಸಾಯುವುದಿಲ್ಲ. ಎದ್ದ ಕೂಡಲೇ ಅದು ಪಿಎ10ರ ಮೇಲೆ ಒಂದೇ ಒಂದು ಬೈಟಿಗಾಗಿ ಕಾಯುತ್ತದೆ: ಹೆಕ್ಸ್ 7ಎಫ್.

7ಎಫ್ ಯಾಕೆ? ಬಿಟ್‌ಗಳಲ್ಲಿ ಅದು 01111111. ಸೀರಿಯಲ್‌ನಲ್ಲಿ ಬೈಟಿನ ಕೊನೆಯ (ಬಲತುದಿಯ) ಬಿಟ್ ಮೊದಲು ಹೋಗುತ್ತದೆ. ಸ್ಟಾರ್ಟ್ ಬಿಟ್‌ಗೆ ಲೈನ್ ಕೆಳಗೆ ಬೀಳುತ್ತದೆ. ಆಮೇಲೆ ಏಳು ಒಂದುಗಳು, ಲೈನ್ ಮೇಲೆಯೇ ಇರುತ್ತದೆ. ಎಂಟನೆಯದು ಸೊನ್ನೆ, ಮತ್ತೆ ಕೆಳಗೆ. ಮೊದಲ ಬೀಳುವಿಕೆಯಿಂದ ಎರಡನೇ ಬೀಳುವಿಕೆಗೆ ಸರಿಯಾಗಿ ಎಂಟು ಬಿಟ್‌ನ ಸಮಯ. ಚಿಪ್ ಟೈಮರ್‌ನಲ್ಲಿ ಅದನ್ನು ಅಳೆದು ಎಂಟರಿಂದ ಭಾಗಿಸಿದರೆ ನಿಮ್ಮ ಬಾಡ್ ರೇಟ್ (ಸೀರಿಯಲ್ ವೇಗ) ಸಿಕ್ಕಿತು. 115200ರಲ್ಲಿ ಒಂದು ಬಿಟ್ 8.68 ಮೈಕ್ರೋಸೆಕೆಂಡ್, ಎಂಟಕ್ಕೆ ಸುಮಾರು 69. 9600ರಲ್ಲಿ ಎಂಟಕ್ಕೆ 833. ನೀವು ನೋಡಿದ ವೇಗಗಳಲ್ಲಿ ಯಾವುದೇ ಇರಲಿ, ಅದು ಹೊಂದಿಕೊಳ್ಳುತ್ತದೆ. ಅಳತೆ ಸರಿಯಾದರೆ ಹೆಕ್ಸ್ 79 ಅಂತ ಉತ್ತರ ಕೊಡುತ್ತದೆ, ಒಪ್ಪಿದೆ ಅಂತ ಅರ್ಥ. 1ಎಫ್ ಬಂದರೆ ಒಪ್ಪಲಿಲ್ಲ.

ಒಂದು ತರಲೆ ಇದೆ. ಅಡಾಪ್ಟರ್ ಸಿಕ್ಕಿಸುವಾಗ ಪಿಎ10 ಮೇಲೆ ಒಂದು ಸಣ್ಣ ಗದ್ದಲ ಬಂದರೂ ಚಿಪ್ ಅದನ್ನೇ ಅಳೆದು ತಪ್ಪು ವೇಗ ಹಿಡಿದು ಕೂರುತ್ತದೆ. ಆಮೇಲೆ ನೀವು ಏನು ಕೂಗಿದರೂ ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕೇ ಎಲ್ಲ ಜೋಡಿಸಿ, ಕೊನೆಗೆ ರೀಸೆಟ್ ಒತ್ತಿ, ಆಮೇಲೆ ಟೂಲ್ ಓಡಿಸಿ. ಪಿಎ10ಕ್ಕೆ 10 ಕೆ ಪುಲ್-ಅಪ್ (ಪಿನ್ನನ್ನು 3.3 ವೋಲ್ಟ್ ಕಡೆಗೆ ಎಳೆಯುವ ರೆಸಿಸ್ಟರ್) ಹಾಕಿದರೆ ಇನ್ನೂ ಒಳ್ಳೆಯದು.

ತೋಟದಮನೆ

ಲೂಪ್‌ಬ್ಯಾಕ್ ಪಾಸ್. ಪುಲ್-ಅಪ್ ಹಾಕಿದೆ. ಲಾಜಿಕ್ ಅನಲೈಸರ್ (ಪಿನ್ನಿನ ಏರಿಳಿತ ತೋರಿಸುವ ಉಪಕರಣ) ಇಟ್ಟು ಪಿಎ10ರ ಮೇಲೆಯೇ ನೋಡಿದೆ: ಕೆಳಗೆ ಒಂದು, ಮೇಲೆ ಏಳು, ಕೆಳಗೆ ಒಂದು, ಆಮೇಲೆ ಮೇಲೆ. ನೀವು ಹೇಳಿದ ಹಾಗೇ ಇದೆ. ಪಿಎ9 ಮಾತ್ರ ಅಲ್ಲಾಡುವುದೇ ಇಲ್ಲ. ಬೂಟ್0 ಮಲ್ಟಿಮೀಟರ್‌ನಲ್ಲಿ 3.29 ವೋಲ್ಟ್. ಚಿಪ್ ಸತ್ತಿಲ್ಲ, ಬೂಟ್0 ಗ್ರೌಂಡಿಗೆ ಹಾಕಿದರೆ ಹಳೆ ಫರ್ಮ್‌ವೇರ್ ಚೆನ್ನಾಗಿ ಓಡುತ್ತದೆ.

ಬೆಸುಗೆಹೊಗೆ

ನಕಲಿ ಚಿಪ್ ಇರಬಹುದು. ಈಗ ಮಾರ್ಕೆಟ್‌ನಲ್ಲಿ ಎಫ್103 ಅಂತ ಮೇಲೆ ಅಚ್ಚು ಹಾಕಿದ ಬೇರೆ ಚಿಪ್ಪುಗಳೇ ಜಾಸ್ತಿ.

ಸೊನ್ನೆಒಂದು

ಇರಬಹುದು, ಆದರೆ ಅಲ್ಲಿಗೆ ಹಾರುವ ಮೊದಲು ಒಂದು ಪ್ರಶ್ನೆ. ಬೂಟ್1 ಎಲ್ಲಿದೆ? ಎಫ್103ರಲ್ಲಿ ಬೂಟ್ ನಿರ್ಧಾರ ಎರಡು ಪಿನ್‌ನದ್ದು. ಬೂಟ್1 ಅಂದರೆ ಪಿಬಿ2. ನಿಮ್ಮ ಸರ್ಕ್ಯೂಟ್‌ನಲ್ಲಿ ಪಿಬಿ2ಕ್ಕೆ ಏನು ಸೇರಿಸಿದ್ದಾರೆ?

ತೋಟದಮನೆ

ಪಿಬಿ2ಕ್ಕೆ ಒಂದು ಕೆಂಪು ಎಲ್‌ಇಡಿ. 3.3ರಿಂದ ಎಲ್‌ಇಡಿ, 1 ಕೆ ರೆಸಿಸ್ಟರ್, ಆಮೇಲೆ ಪಿನ್. ಫಾಲ್ಟ್ ಲೈಟ್ ಅದು. ರೀಸೆಟ್ ಒತ್ತಿಹಿಡಿದು ಪಿನ್ ಮೇಲೆ ಅಳೆದರೆ ಎರಡು ವೋಲ್ಟ್ ಚಿಲ್ಲರೆ ತೋರಿಸುತ್ತಿದೆ.

ಸೊನ್ನೆಒಂದು

ಸಿಕ್ಕಿತು ಮಾರಾಯ್ರೆ.

ಬೂಟ್0 ಸೊನ್ನೆ ಆದರೆ ಫ್ಲ್ಯಾಶ್‌ನಿಂದ ಏಳುತ್ತದೆ, ಬೂಟ್1 ಏನಿದ್ದರೂ ಲೆಕ್ಕಕ್ಕಿಲ್ಲ. ಅದಕ್ಕೇ ಹಳೆ ಫರ್ಮ್‌ವೇರ್ ಓಡುತ್ತಿದೆ. ಬೂಟ್0 ಒಂದು, ಬೂಟ್1 ಸೊನ್ನೆ ಆದರೆ ಸಿಸ್ಟಮ್ ಮೆಮೊರಿ, ನಿಮಗೆ ಬೇಕಾದ್ದು ಇದು. ಎರಡೂ ಒಂದಾದರೆ ಚಿಪ್ ರ‍್ಯಾಮ್‌ನಿಂದ ಏಳುತ್ತದೆ. ರ‍್ಯಾಮ್‌ನಲ್ಲಿ ಕಸ ಬಿಟ್ಟರೆ ಏನೂ ಇರುವುದಿಲ್ಲ, ಅದನ್ನು ಓಡಿಸಲು ಹೋಗಿ ಮಲಗುತ್ತದೆ. ರೀಸೆಟ್‌ನಲ್ಲಿ ಪಿಬಿ2 ಬರೀ ಇನ್‌ಪುಟ್, ತೇಲುತ್ತಿರುತ್ತದೆ. ಎಲ್‌ಇಡಿ ಮೂಲಕ ಅದು ಮೇಲೆ ಎಳೆದುಕೊಂಡಿದೆ. 3.3 ವೋಲ್ಟ್‌ನಲ್ಲಿ ಈ ಚಿಪ್ ಸುಮಾರು 1.83 ದಾಟಿದ್ದನ್ನು ಒಂದು ಎಂದು ಓದುತ್ತದೆ. ನಿಮ್ಮದು ಎರಡರ ಮೇಲಿದೆ.

ಬೋರ್ಡ್ ಮಾಡಿದವರು ಎಸ್‌ಟಿ-ಲಿಂಕ್ ಎಂಬ ಉಪಕರಣ ಹಾಕಿ ಡಿಬಗ್ ಪಿನ್‌ಗಳ ಮೂಲಕವೇ ಬರೆದಿರಬೇಕು. ಅಲ್ಲಿ ಬೂಟ್ ಪಿನ್‌ಗಳ ಹಂಗಿಲ್ಲ, ಹಾಗಾಗಿ ಇದು ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಬೆಸುಗೆಹೊಗೆ

ಹಾಗಾದರೆ ಪಿಬಿ2ರಿಂದ ಗ್ರೌಂಡಿಗೆ 10 ಕೆ ಹಾಕಿದರೆ ಮುಗಿಯಿತು.

ಧಕ್ಕೆರಿಪೇರಿ

ಮುಗಿಯಲಿಲ್ಲ, ಲೆಕ್ಕ ಹಾಕಿ ನೋಡಿ. ಅಷ್ಟು ಸಣ್ಣ ಕರೆಂಟ್‌ನಲ್ಲಿ ಕೆಂಪು ಎಲ್‌ಇಡಿ 1.6 ವೋಲ್ಟ್ ನುಂಗುತ್ತದೆ. ಉಳಿದದ್ದು 1.7. ಅದು 1 ಕೆ ಮತ್ತು 10 ಕೆ ನಡುವೆ ಹಂಚಿಹೋದರೆ ಪಿನ್ ಮೇಲೆ ಸುಮಾರು ಒಂದೂವರೆ ವೋಲ್ಟ್ ಉಳಿಯುತ್ತದೆ. ಸೊನ್ನೆ ಅಂತ ಗ್ಯಾರಂಟಿಯಾಗಿ ಓದಬೇಕಾದರೆ 1.16ರ ಕೆಳಗಿರಬೇಕು. ಒಂದೂವರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ, ಬೆಳಿಗ್ಗೆ ಎದ್ದರೆ ಸಂಜೆ ಏಳುವುದಿಲ್ಲ. ಎಲ್‌ಇಡಿಯ 1 ಕೆ ಎತ್ತಿಬಿಡಿ, ಆಮೇಲೆ 10 ಕೆ ಗ್ರೌಂಡಿಗೆ ಹಾಕಿ. ಫಾಲ್ಟ್ ಲೈಟ್ ಬೇರೆ ಯಾವುದಾದರೂ ಖಾಲಿ ಪಿನ್ನಿಗೆ ಕೊಡಿ.

ತೋಟದಮನೆ

1 ಕೆ ಎತ್ತಿದೆ. ರೀಸೆಟ್ ಒತ್ತಿ ಟೂಲ್ ಓಡಿಸಿದರೆ ಮೊದಲ 7ಎಫ್‌ಗೇ 79 ಬಂತು! ಚಿಪ್ ಐಡಿ ಹೆಕ್ಸ್ 410 ಅಂತ ತೋರಿಸಿತು. ಬರೆದು, ವಾಪಸ್ ಓದಿ ತಾಳೆ ನೋಡಿದೆ, ಸರಿ ಇದೆ. ಹೊಸ ಲೆಕ್ಕ ಓಡುತ್ತಿದೆ. ಎಲ್ಲರಿಗೂ ಥ್ಯಾಂಕ್ಸ್.

ಸುರತ್ಕಲ್‌ಸೀನಿಯರ್

410 ಅಂದರೆ ಮೀಡಿಯಂ ಡೆನ್ಸಿಟಿ ಎಫ್103, ಸರಿಯಾಗಿದೆ.

ಬರೆಯುವಾಗ ಏನಾಗುತ್ತದೆ ಅಂತ ಅನಲೈಸರ್‌ನಲ್ಲಿ ಒಮ್ಮೆ ನೋಡಿ, ಚೆಂದ ಇರುತ್ತದೆ. ಪ್ರತಿ ಆದೇಶದ ಹಿಂದೆ ಅದರ ಉಲ್ಟಾ ಬೈಟ್ ಹೋಗುತ್ತದೆ. ಬರೆ ಎಂಬುದಕ್ಕೆ 31, ಅದರ ಹಿಂದೆ ಸಿಇ. ಅಳಿಸು ಎಂಬುದಕ್ಕೆ 43, ಹಿಂದೆ ಬಿಸಿ. ಎರಡೂ ತಾಳೆಯಾದರೆ ಮಾತ್ರ 79. ಆಮೇಲೆ ನಾಲ್ಕು ಬೈಟ್ ವಿಳಾಸ, ಅದರ ಎಕ್ಸಾರ್ (ತಾಳೆ ನೋಡಲು ಒಂದು ಬೈಟ್), ಮತ್ತೆ 79. ಆಮೇಲೆ ಒಂದು ಸಲಕ್ಕೆ ಹೆಚ್ಚೆಂದರೆ 256 ಬೈಟ್ ಡೇಟಾ, ಅದರ ಎಕ್ಸಾರ್, ಮತ್ತೊಂದು 79. ಹೆಜ್ಜೆ ಹೆಜ್ಜೆಗೂ ಕೇಳಿ ಕೇಳಿ ಮುಂದೆ ಹೋಗುತ್ತದೆ. 64 ಕೆಬಿ ಪೂರ್ತಿ 115200ರಲ್ಲಿ ಕಳಿಸಲು ತಂತಿ ಮೇಲಿನ ಸಮಯ ಆರು ಸೆಕೆಂಡ್ ಚಿಲ್ಲರೆ. ಆದರೂ ಕೆಲವು ಅಡಾಪ್ಟರ್‌ನಲ್ಲಿ ಅದರ ಮೂರು ಪಟ್ಟು ಹಿಡಿಯುತ್ತದೆ. ಕಾರಣ ಈ ಕೇಳುವಿಕೆಯೇ. ಎಫ್‌ಟಿಡಿಐ ಚಿಪ್‌ನ ಡ್ರೈವರ್ ಸಣ್ಣ ಉತ್ತರವನ್ನು 16 ಮಿಲಿಸೆಕೆಂಡ್ ತನಕ ಇಟ್ಟುಕೊಂಡು ಕೊಡುತ್ತದೆ. ಆ ಲೇಟೆನ್ಸಿಯನ್ನು 1ಕ್ಕೆ ಇಳಿಸಿದರೆ ಸರಿಹೋಗುತ್ತದೆ.

ಮೊದಲವರ್ಷ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಇಎಸ್‌ಪಿ32 ಎಂಬ ಬೇರೆ ಚಿಪ್. ಕನೆಕ್ಟಿಂಗ್ ಅಂತ ಬಂದು ಚುಕ್ಕಿ ಚುಕ್ಕಿ ಹೋಗ್ತಾ ಇರುತ್ತದೆ. ಬೂಟ್ ಬಟನ್ ಒತ್ತಿಹಿಡಿದರೆ ಮಾತ್ರ ಆಗುತ್ತದೆ. ಇದೂ ಅದೇ ಸಮಸ್ಯೆನಾ?

ಬೆಸುಗೆಹೊಗೆ

ಅದರ ತಮ್ಮ. ಇಎಸ್‌ಪಿ32ರಲ್ಲಿ ರೀಸೆಟ್ ಬಿಡುವ ಹೊತ್ತಿಗೆ ಜಿಪಿಐಒ0 ಪಿನ್ ಕೆಳಗಿದ್ದರೆ ಡೌನ್‌ಲೋಡ್ ಮೋಡ್. ಬೋರ್ಡ್ ಮೇಲೆ ಎರಡು ಟ್ರಾನ್ಸಿಸ್ಟರ್ ಇದೆ ನೋಡಿ, ಅಡಾಪ್ಟರ್‌ನ ಡಿಟಿಆರ್, ಆರ್‌ಟಿಎಸ್ ಲೈನ್‌ಗಳಿಂದ ಅವೇ ಬಟನ್ ಒತ್ತಿದ ಹಾಗೆ ಮಾಡುತ್ತವೆ. ನಿಮ್ಮ ಬೋರ್ಡ್‌ನಲ್ಲಿ ರೀಸೆಟ್ ಬೇಗ ಬಿಟ್ಟುಹೋಗುತ್ತಿದೆ. ಇಎನ್ (ರೀಸೆಟ್) ಪಿನ್ನಿನಿಂದ ಗ್ರೌಂಡಿಗೆ ಒಂದು ಕೆಪ್ಯಾಸಿಟರ್ ಹಾಕಿ, 1ರಿಂದ 10 ಮೈಕ್ರೋಫ್ಯಾರಡ್. ಆರ್ಡುಯಿನೋ ಊನೋದಲ್ಲಿ ಇನ್ನೂ ಸರಳ: ಡಿಟಿಆರ್‌ನಿಂದ ರೀಸೆಟ್‌ಗೆ ಒಂದು 100 ನ್ಯಾನೋಫ್ಯಾರಡ್, ಅಷ್ಟೇ.

ನಿರ್ವಾಹಕ

ಇಎಸ್‌ಪಿ32 ಬಗ್ಗೆ ಇನ್ನೂ ಕೇಳುವುದಿದ್ದರೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಇಲ್ಲಿ ತೋಟದಮನೆಯವರ ಎರಡನೇ ಪ್ರಶ್ನೆ ಇನ್ನೂ ಬಾಕಿ ಇದೆ.

ತೋಟದಮನೆ

ಹೌದು, ಅದಕ್ಕೇ ಬರುತ್ತಿದ್ದೆ. ಪೆಟ್ಟಿಗೆಯ 485 ಇರುವುದು ಎರಡನೇ ಸೀರಿಯಲ್ ಪೋರ್ಟ್‌ನಲ್ಲಿ, ಪಿಎ2 ಮತ್ತು ಪಿಎ3. ದಿಕ್ಕು ಬದಲಿಸುವ ಪಿನ್ ಪಿಎ1. ವೇಗ 19200. ಈ ಒಳಗಿನ ಬೂಟ್‌ಲೋಡರನ್ನೇ ಹೇಗಾದರೂ ಬಳಸಬಹುದಾ?

ಸುರತ್ಕಲ್‌ಸೀನಿಯರ್

ಆಗುವುದಿಲ್ಲ. ಎರಡು ಕಾರಣ. ನಿಮ್ಮ ಚಿಪ್‌ನ ಆ ಬೂಟ್‌ಲೋಡರ್ ಮೊದಲನೇ ಪೋರ್ಟ್ ಮೇಲೆ ಮಾತ್ರ ಕಿವಿ ಇಡುತ್ತದೆ. ಇನ್ನೊಂದು, 485ರಲ್ಲಿ ಒಂದೇ ಜೋಡಿ ತಂತಿ, ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನಿರಬೇಕು. ಮಾತಾಡುವ ಮೊದಲು ಪಿಎ1 ಎತ್ತಬೇಕು, ಮುಗಿದ ಮೇಲೆ ಇಳಿಸಬೇಕು. ಕಾರ್ಖಾನೆಯಲ್ಲಿ ಬರೆದ ಬೂಟ್‌ಲೋಡರ್‌ಗೆ ನಿಮ್ಮ ಪಿಎ1ರ ಕಥೆ ಗೊತ್ತಿಲ್ಲ. ನಿಮ್ಮದೇ ಒಂದು ಬೂಟ್‌ಲೋಡರ್ ಬರೆಯಬೇಕು.

ಧಕ್ಕೆರಿಪೇರಿ

ಒಂದು ಬೋರ್ಡ್‌ಗೆ ಇಷ್ಟೆಲ್ಲ ಬೇಕಾ? ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ, ಕೊಡೆ ಹಿಡಿದು ಇಳಿಯಿರಿ. ಸಿಲಿಕೋನ್ ಕೊಯ್ದು, ಹಾಕಿ, ಮತ್ತೆ ಮುಚ್ಚಿ. ಅರ್ಧ ದಿನದ ಕೆಲಸ.

ತೋಟದಮನೆ

ಒಂದೇ ಸಲ ಆದರೆ ಹಾಗೇ ಮಾಡುತ್ತಿದ್ದೆ. ಡ್ರೈ ರನ್ ಮಿತಿಯನ್ನು ಹೊಳೆಯ ನೀರು ನೋಡಿಕೊಂಡು ತಿದ್ದುತ್ತಾ ಹೋಗಬೇಕು. ಮಾರ್ಚ್‌ನಲ್ಲಿ ಒಂದು ಥರ, ಮೇ ತಿಂಗಳಲ್ಲಿ ಇನ್ನೊಂದು ಥರ. ಹೇಗೂ ಒಂದು ಸಲ ಪೆಟ್ಟಿಗೆ ತೆರೆದು ಬೂಟ್‌ಲೋಡರ್ ಹಾಕಲೇಬೇಕಲ್ಲ, ಅದೇ ಕೊನೆಯದಾಗಲಿ ಅಂತ.

ಸೊನ್ನೆಒಂದು

ಮಿತಿ ಮಾತ್ರ ಬದಲಾಗುವುದಾದರೆ ಅದನ್ನು ಸೆಟ್ಟಿಂಗ್ ಮಾಡಿ 485 ಮೇಲೆ ಒಂದು ಸಂಖ್ಯೆಯಾಗಿ ಕಳಿಸಿದರೆ ಸಾಕು. ಅದನ್ನಂತೂ ಮಾಡಿ. ಕೋಡ್ ಕೂಡ ಬದಲಾಗುತ್ತದೆ ಅಂದರೆ ಕೆಳಗಿನದು ಓದಿ. ಸ್ವಲ್ಪ ಉದ್ದ ಇದೆ.

ಸೀರಿಯಲ್ ಮೇಲೆ ಬೈಟ್ ಕಳಿಸುವುದು ಇದರಲ್ಲಿ ಸುಲಭದ ಭಾಗ. ಬರೆಯುತ್ತಿರುವಾಗ ನಡುವೆ ಕರೆಂಟ್ ಹೋದರೆ ಏನು ಅನ್ನುವುದು ಕಷ್ಟದ ಭಾಗ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುತ್ತದಾ ಅಂತ ಕೇಳುವುದಿಲ್ಲ, ಯಾವಾಗ ಹೋಗುತ್ತದೆ ಅಂತ ಕೇಳುತ್ತೇವೆ. ಹಾಗಾಗಿ ಯಾವ ಕ್ಷಣದಲ್ಲಿ ಕರೆಂಟ್ ಹೋದರೂ ಮತ್ತೆ ಎದ್ದು, ಫೈಲ್ ಇನ್ನೊಮ್ಮೆ ಕೊಡಿ ಅಂತ ಕೇಳಬಲ್ಲ ಒಂದು ತುಂಡು ಕೋಡ್ ಬೇಕು. ಆ ತುಂಡನ್ನು ಅಪ್‌ಡೇಟ್ ಮುಟ್ಟಲೇಬಾರದು. ಸಾಧ್ಯವಾದರೆ ಆ ಪುಟಗಳಿಗೆ ಆಪ್ಷನ್ ಬೈಟ್‌ನಲ್ಲಿ ರೈಟ್ ಪ್ರೊಟೆಕ್ಷನ್ ಹಾಕಿ.

ಸಿ8ರಲ್ಲಿ 64 ಕೆಬಿ, ಒಂದೊಂದು ಪುಟ 1 ಕೆಬಿ. ನಾನಾದರೆ ಹೀಗೆ ಹಂಚುತ್ತೇನೆ: ಮೊದಲ 8 ಕೆಬಿ ಬೂಟ್‌ಲೋಡರ್, ಆಮೇಲೆ 27 ಓಡುವ ಪ್ರೋಗ್ರಾಂಗೆ, ಆಮೇಲೆ 27 ಹೊಸದನ್ನು ಇಳಿಸಿಕೊಳ್ಳಲು, ಕೊನೆಯ 2 ಸೆಟ್ಟಿಂಗ್ ಮತ್ತು ಗುರುತುಗಳಿಗೆ. ನಿಮ್ಮ 22 ಕೆಬಿ ಆರಾಮವಾಗಿ ಕೂರುತ್ತದೆ. ಪ್ರೋಗ್ರಾಂ ಈಗ ಹೆಕ್ಸ್ 08002000ದಿಂದ ಶುರು. ಲಿಂಕರ್ ಸ್ಕ್ರಿಪ್ಟ್‌ನಲ್ಲಿ (ಬಿಲ್ಡ್‌ಗೆ ವಿಳಾಸ ಹೇಳುವ ಫೈಲ್) ಅದನ್ನು ಬದಲಿಸಿ, ವೆಕ್ಟರ್ ಟೇಬಲ್‌ನ (ಯಾವ ಇಂಟರಪ್ಟ್‌ಗೆ ಎಲ್ಲಿ ಹೋಗಬೇಕು ಎಂಬ ಪಟ್ಟಿ) ವಿಟಿಒಆರ್ ರಿಜಿಸ್ಟರ್‌ಗೂ ಅದೇ ವಿಳಾಸ ಕೊಡಿ. ಎರಡನೆಯದನ್ನು ಬಿಟ್ಟರೆ ಮೇನ್ ಓಡುತ್ತದೆ, ಮೊದಲ ಇಂಟರಪ್ಟ್ (ಕೆಲಸದ ನಡುವೆ ಬರುವ ತುರ್ತು ಕರೆ) ಬಂದ ಕೂಡಲೇ ಬೂಟ್‌ಲೋಡರ್‌ನ ಟೇಬಲ್‌ಗೆ ಹೋಗಿ ದಾರಿ ತಪ್ಪುತ್ತದೆ.

ಹೊಸ ಫೈಲ್ ಎರಡನೇ ಜಾಗಕ್ಕೆ ಇಳಿಯುತ್ತದೆ, ಹಳೆಯದು ಹಾಗೇ ಇರುತ್ತದೆ. ಪೂರ್ತಿ ಇಳಿದ ಮೇಲೆ ಸಿಆರ್‌ಸಿ (ಫೈಲ್ ಕೆಡದೆ ಬಂದಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ಲೆಕ್ಕ ಹಾಕಿ. ತಾಳೆಯಾದರೆ ಮಾತ್ರ ಮೊದಲ ಜಾಗಕ್ಕೆ ನಕಲು. ನಕಲಿನ ನಡುವೆ ಕರೆಂಟ್ ಹೋಯಿತು ಅನ್ನಿ. ಮತ್ತೆ ಎದ್ದಾಗ ಬೂಟ್‌ಲೋಡರ್ ಮೊದಲ ಜಾಗದ ಸಿಆರ್‌ಸಿ ನೋಡುತ್ತದೆ, ಕೆಟ್ಟಿದೆ. ಎರಡನೆಯದರದ್ದು ನೋಡುತ್ತದೆ, ಸರಿ ಇದೆ. ನಕಲನ್ನು ಮೊದಲಿಂದ ಶುರು ಮಾಡುತ್ತದೆ. ಎರಡೂ ಕೆಟ್ಟಿದ್ದರೆ ರಿಲೇ ಎಳೆಯದೆ, 485 ಮೇಲೆ ಕೇಳುತ್ತಾ ಕೂರುತ್ತದೆ.

ಈ ಎಫ್103ರಲ್ಲಿ ಗುರುತು ಹಾಕಲು ಒಂದು ಅನುಕೂಲ ಇದೆ. ಅಳಿಸಿದ ಜಾಗದಲ್ಲಿ ಎಲ್ಲ ಎಫ್‌ಗಳು. ಅಲ್ಲಿಗೆ 16 ಬಿಟ್‌ನ ಒಂದು ಬೆಲೆ ಬರೆಯಬಹುದು. ಬರೆದದ್ದರ ಮೇಲೆ ಮತ್ತೆ ಬರೆಯಲು ಚಿಪ್ ಒಪ್ಪುವುದಿಲ್ಲ, ಆದರೆ ಪೂರ್ತಿ ಸೊನ್ನೆ ಬರೆಯಲು ಒಪ್ಪುತ್ತದೆ. ಖಾಲಿ, ಇಳಿದಿದೆ, ಬಳಸಿ ಆಯಿತು, ಈ ಮೂರೂ ಸ್ಥಿತಿಯನ್ನು ಪುಟ ಅಳಿಸದೆ ಒಂದೇ ಜಾಗದಲ್ಲಿ ತೋರಿಸಬಹುದು.

ನೆಟ್‌ನಲ್ಲಿ ಸಿಗುವ ಎಷ್ಟೋ ಬೂಟ್‌ಲೋಡರ್ ಉದಾಹರಣೆಗಳು ಮೊದಲ ನಾಲ್ಕು ಬೈಟ್ ಮಾತ್ರ ನೋಡುತ್ತವೆ. ಸ್ಟ್ಯಾಕ್‌ನ ವಿಳಾಸ ರ‍್ಯಾಮ್ ಒಳಗಿದೆಯಾ, ಇದ್ದರೆ ಹಾರು. ಅದನ್ನು ಹಾಗೇ ಎತ್ತಿಕೊಳ್ಳಬೇಡಿ. ಮೊದಲ ಪುಟ ಮೊದಲೇ ಬರೆದುಹೋಗಿರುತ್ತದೆ. ಅರ್ಧಕ್ಕೆ ನಿಂತ ಫೈಲ್ ಕೂಡ ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್‌ನಲ್ಲಿ ಪಾಸ್.

ಎಂಬತ್ತೈವತ್ತೊಂದು

ಇದನ್ನೆಲ್ಲ ಓದುತ್ತಿದ್ದರೆ ನಮ್ಮ ಕಾಲ ನೆನಪಾಗುತ್ತದೆ. 27ಸಿ256 ಈಪ್ರಾಮ್ ಮೆಮೊರಿ ಚಿಪ್, ಮೇಲೆ ಗಾಜಿನ ಕಿಟಕಿ. ಅಳಿಸಲು ಯುವಿ ಲ್ಯಾಂಪ್ ಕೆಳಗೆ ಹದಿನೈದಿಪ್ಪತ್ತು ನಿಮಿಷ. ಲ್ಯಾಂಪ್ ಇಲ್ಲದಿದ್ದರೆ ನೇರ ಬಿಸಿಲಲ್ಲಿ ಒಂದು ವಾರ ಅಂತ ಡೇಟಾಶೀಟ್ ಹೇಳುತ್ತಿತ್ತು. ಜುಲೈನಲ್ಲಿ ಉಡುಪಿಯಲ್ಲಿ ಇಟ್ಟರೆ ದೀಪಾವಳಿಗೆ ಅಳಿಯುತ್ತಿತ್ತೇನೋ. ಆಮೇಲೆ ಫಿಲಿಪ್ಸ್‌ನ 89ಸಿ51ಆರ್‌ಡಿ2 ಚಿಪ್ ಬಂತು, ಸೀರಿಯಲ್‌ನಲ್ಲೇ ಬರೆಯಬಹುದು. ಅದಕ್ಕೆ ವೇಗ ಗೊತ್ತಾಗಲು ದೊಡ್ಡ ಯು ಅಕ್ಷರ ಕಳಿಸಬೇಕಿತ್ತು. ಯು ಅಂದರೆ ಹೆಕ್ಸ್ 55, ಸೊನ್ನೆ ಒಂದು ಸೊನ್ನೆ ಒಂದು ಅಂತ ಓಡುವ ಬೈಟ್. ನಿಮ್ಮ 7ಎಫ್‌ನದ್ದೂ ಅದೇ ಕೆಲಸ, ದಾರಿ ಬೇರೆ ಅಷ್ಟೇ.

ಆಗ ಇಂಟೆಲ್ ಹೆಕ್ಸ್ ಫೈಲನ್ನು ಹಾಗೇ ಕಳಿಸುತ್ತಿದ್ದೆವು. ಪ್ರತಿ ಸಾಲಿಗೂ ಅದರದೇ ಚೆಕ್‌ಸಮ್ ಇದೆ. ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಿದರೆ ಸಾಕಲ್ವಾ?

ಸುರತ್ಕಲ್‌ಸೀನಿಯರ್

ಸಾಕಾಗುವುದಿಲ್ಲ ಸಾರ್, ನಿಲ್ಲಿಸಿ ನಿಲ್ಲಿಸಿ ಕಳಿಸಬೇಕು. ಎಫ್103ರಲ್ಲಿ ಒಂದೇ ಫ್ಲ್ಯಾಶ್ ಬ್ಯಾಂಕ್. ಪುಟ ಅಳಿಸಲು 20ರಿಂದ 40 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಫ್ಲ್ಯಾಶ್‌ನಿಂದ ಕೋಡ್ ಓದಲು ಹೋದ ಪ್ರೊಸೆಸರ್ ಹಾಗೇ ನಿಂತುಬಿಡುತ್ತದೆ. ಇಂಟರಪ್ಟ್ ಕೂಡ ಓಡುವುದಿಲ್ಲ. 19200ರಲ್ಲಿ ಅರ್ಧ ಮಿಲಿಸೆಕೆಂಡಿಗೊಂದು ಬೈಟ್ ಬರುತ್ತದೆ. ಅಂದರೆ ನಲವತ್ತರಿಂದ ಎಪ್ಪತ್ತೈದು ಬೈಟ್ ಬಾಗಿಲಿಗೆ ಬಂದು ವಾಪಸ್ ಹೋಗಿರುತ್ತವೆ. ಪೋರ್ಟ್ ಇಟ್ಟುಕೊಳ್ಳುವುದು ಒಂದೇ ಬೈಟ್. ಡಿಎಂಎ (ಪ್ರೊಸೆಸರ್ ಇಲ್ಲದೆ ಡೇಟಾ ಸಾಗಿಸುವ ಭಾಗ) ಮೂಲಕ ರ‍್ಯಾಮ್‌ಗೆ ತುಂಬಿಸಿಕೊಳ್ಳಬಹುದು, ಅದು ಪ್ರೊಸೆಸರ್ ನಿಂತಿದ್ದರೂ ಓಡುತ್ತದೆ. ಆದರೆ ಇಲ್ಲಿ ಅಷ್ಟು ಕಷ್ಟ ಬೇಡ.

ಎಕ್ಸ್‌ಮೋಡೆಮ್ ಎಂಬ ಫೈಲ್ ಕಳಿಸುವ ಪದ್ಧತಿ ಸಾಕು. 1977ರಲ್ಲಿ ವಾರ್ಡ್ ಕ್ರಿಸ್ಟೆನ್‌ಸನ್ ಮಾಡಿದ್ದು, ಈಗಲೂ ಎಷ್ಟೋ ಟರ್ಮಿನಲ್ ಪ್ರೋಗ್ರಾಂಗಳಲ್ಲಿ ಇದೆ. 128 ಬೈಟಿನ ಕಟ್ಟು, ಮುಂದೆ ಕಟ್ಟಿನ ನಂಬರ್, ಹಿಂದೆ ಸಿಆರ್‌ಸಿ. ನೀವು ಕಟ್ಟು ಪಡೆದು, ಫ್ಲ್ಯಾಶ್‌ಗೆ ಬರೆದು ಮುಗಿಸಿ, ಆಮೇಲೆ ಸರಿ ಅನ್ನಿ. ಅಲ್ಲಿಯವರೆಗೆ ಆ ಕಡೆಯವನು ಕಾಯುತ್ತಾನೆ. 485ರ ಒಬ್ಬೊಬ್ಬರೇ ಮಾತಾಡುವ ಪದ್ಧತಿಗೂ ಅದು ಹೇಳಿ ಮಾಡಿಸಿದ್ದು. 22 ಕೆಬಿಗೆ ತಂತಿ ಮೇಲಿನ ಸಮಯ 12 ಸೆಕೆಂಡ್, ಕಾಯುವುದು ಸೇರಿ ಇನ್ನೊಂದಿಷ್ಟು.

ನೆನಪಿಡಬೇಕಾದ್ದು: ಕೊನೆಯ ಕಟ್ಟಿನ ಖಾಲಿ ಜಾಗಕ್ಕೆ ಅದು ಹೆಕ್ಸ್ 1ಎ ತುಂಬುತ್ತದೆ. ಹಾಗಾಗಿ ಫೈಲ್‌ನ ನಿಜವಾದ ಉದ್ದವನ್ನು ಫೈಲ್‌ನ ತಲೆಯಲ್ಲೇ ಬರೆದಿಡಿ, ಸಿಆರ್‌ಸಿಯನ್ನು ಅಷ್ಟಕ್ಕೇ ಹಾಕಿ. ಟರ್ಮಿನಲ್‌ನಲ್ಲಿ ಎಕ್ಸ್ಆನ್-ಎಕ್ಸ್ಆಫ್ (ನಿಲ್ಲು, ಕಳಿಸು ಎಂಬ ಸಂಕೇತ ಬೈಟ್‌ಗಳು) ಆಫ್ ಮಾಡಿ, ಇಲ್ಲದಿದ್ದರೆ ಡೇಟಾದೊಳಗಿನ ಹೆಕ್ಸ್ 11, 13ನ್ನು ಅದು ನುಂಗುತ್ತದೆ.

ತೋಟದಮನೆ

ಬರೆದು ಮೇಜಿನ ಮೇಲೆ ಓಡಿಸಿದೆ. ಎರಡು ಕಡೆ ಸಿಕ್ಕಿಕೊಂಡಿದೆ. ಬೋರ್ಡ್ ಕಳಿಸುವ ಸರಿ ಎಂಬ ಬೈಟ್ ಕಂಪ್ಯೂಟರ್‌ಗೆ ಕೆಲವೊಮ್ಮೆ ಅರ್ಧಂಬರ್ಧ ಬರುತ್ತದೆ. ಇನ್ನೊಂದು, ಚಿಪ್‌ನ ಸಿಆರ್‌ಸಿ ಯೂನಿಟ್ ಕೊಡುವ ಉತ್ತರ ಮತ್ತು ಪೈಥಾನ್‌ನ ಸಿಆರ್‌ಸಿ32 ಉತ್ತರ ತಾಳೆಯೇ ಆಗುವುದಿಲ್ಲ. ಫೈಲ್ ಒಂದೇ.

ಸೊನ್ನೆಒಂದು

ಮೊದಲನೆಯದು: ಪಿಎ1 ಯಾವಾಗ ಇಳಿಸುತ್ತೀರಿ? ಟಿಎಕ್ಸ್ಇ ಫ್ಲ್ಯಾಗ್ ನೋಡಿ ಇಳಿಸುತ್ತಿದ್ದರೆ ಅದೇ ಕಾರಣ. ಟಿಎಕ್ಸ್ಇ ಅಂದರೆ ಮುಂದಿನ ಬೈಟ್ ಹಾಕಲು ಜಾಗ ಖಾಲಿ ಅಂತ ಮಾತ್ರ. ಹಿಂದಿನ ಬೈಟ್ ಇನ್ನೂ ತಂತಿ ಮೇಲೆ ಹೋಗುತ್ತಿರುತ್ತದೆ. ಬೈಟ್ ಪೂರ್ತಿ ಹೋದ ಮೇಲೆ ಬರುವ ಟಿಸಿ ಫ್ಲ್ಯಾಗ್‌ವರೆಗೆ ಕಾಯಿರಿ.

ಎರಡನೆಯದು: ಎಫ್103ರ ಯೂನಿಟ್ 32 ಬಿಟ್ ಪದಗಳನ್ನು ದೊಡ್ಡ ಬಿಟ್‌ನಿಂದ ಶುರು ಮಾಡಿ ಹಾಕುತ್ತದೆ, ಕೊನೆಗೆ ಉಲ್ಟಾ ಮಾಡುವುದಿಲ್ಲ. ಪೈಥಾನ್‌ನದ್ದು ಜಿಪ್ ಪದ್ಧತಿ: ಬಿಟ್‌ಗಳು ತಿರುಗಿರುತ್ತವೆ, ಕೊನೆಗೆ ಉಲ್ಟಾ. ಪಾಲಿನಾಮಿಯಲ್ ಎರಡರದ್ದೂ ಒಂದೇ ಆದ್ದರಿಂದ ಮೋಸ ಹೋಗುತ್ತೇವೆ. 22 ಕೆಬಿಗೆ ಹಾರ್ಡ್‌ವೇರ್ ಬೇಡವೇ ಬೇಡ. ಸಾಫ್ಟ್‌ವೇರ್‌ನಲ್ಲಿ ಜಿಪ್ ಪದ್ಧತಿಯದ್ದನ್ನೇ ಬರೆದುಬಿಡಿ.

ತೋಟದಮನೆ

ಎರಡೂ ಸರಿಹೋಯಿತು. ಟಿಸಿಗೆ ಬದಲಿಸಿದ ಮೇಲೆ ಒಂದು ಕಟ್ಟೂ ಮರಳಿ ಕೇಳಿಲ್ಲ. ಬರೆಯುವಾಗ, ನಕಲು ಮಾಡುವಾಗ ಬೇಕಂತಲೇ ಪವರ್ ಎಳೆದು ನೋಡಿದೆ. ಪ್ರತಿ ಸಲ ಎದ್ದು ಬರುತ್ತದೆ. ಓಡುತ್ತಿರುವ ಪ್ರೋಗ್ರಾಂಗೆ 485 ಮೇಲೆ ಆದೇಶ ಕೊಟ್ಟರೆ ಬ್ಯಾಕಪ್ ರಿಜಿಸ್ಟರ್‌ನಲ್ಲಿ ಒಂದು ಗುರುತು ಬರೆದು ತಾನೇ ರೀಸೆಟ್ ಆಗುತ್ತದೆ, ಬೂಟ್‌ಲೋಡರ್ ಅದನ್ನು ನೋಡಿ ಫೈಲಿಗೆ ಕಾಯುತ್ತದೆ. ಗುರುತು ಇಲ್ಲದಿದ್ದರೂ ಪ್ರತಿ ರೀಸೆಟ್‌ಗೆ ಎರಡು ಸೆಕೆಂಡ್ ಕಾಯುವಂತೆ ಇಟ್ಟಿದ್ದೇನೆ, ಸಿಆರ್‌ಸಿ ಸರಿ ಇದ್ದೂ ಕೋಡ್ ಹಾಳಾಗಿದ್ದರೆ ಒಳಗೆ ಹೋಗಲು ದಾರಿ ಬೇಕಲ್ಲ.

ಒಂದು ಮಾತ್ರ ಹೆದರಿಸಿತು. ರೀಸೆಟ್ ಆದ ಕೂಡಲೇ ರಿಲೇ ಟಕ್ ಅಂತ ಎಳೆದುಕೊಂಡು, ಪ್ರೋಗ್ರಾಂ ಎದ್ದ ಮೇಲೆ ಬಿಡುತ್ತದೆ. ಶೆಡ್‌ನಲ್ಲಿ ಹೀಗಾದರೆ ಅಪ್‌ಡೇಟ್ ಮುಗಿಯುವ ತನಕ ಮೋಟಾರ್ ಓಡುತ್ತದೆ. ರಿಲೇ ಟ್ರಾನ್ಸಿಸ್ಟರ್ ಪಿಎ15ರಲ್ಲಿದೆ.

ಧಕ್ಕೆರಿಪೇರಿ

ಪಿಎ15 ರೀಸೆಟ್ ಆದಾಗ ಸಾಮಾನ್ಯ ಪಿನ್ ಅಲ್ಲ, ಜೆಟ್ಯಾಗ್‌ನ (ಡಿಬಗ್ ಸಂಪರ್ಕದ) ಪಿನ್. ಒಳಗೆ ಸುಮಾರು 40 ಕೆ ಪುಲ್-ಅಪ್ ಆನ್ ಇರುತ್ತದೆ. ಟ್ರಾನ್ಸಿಸ್ಟರ್‌ಗೆ ಅಷ್ಟು ಸಾಕು. ಪಿಬಿ4ದೂ ಅದೇ ಕಥೆ. ಬೂಟ್‌ಲೋಡರ್‌ನ ಮೊದಲ ಸಾಲಿನಲ್ಲೇ ಜೆಟ್ಯಾಗ್ ಆಫ್ ಮಾಡಿ ಪಿನ್ ಕೆಳಗಿಳಿಸಿ. ಎಸ್‌ಡಬ್ಲ್ಯೂಡಿ (ಎರಡು ತಂತಿಯ ಡಿಬಗ್ ಸಂಪರ್ಕ) ಮಾತ್ರ ಉಳಿಸಿಕೊಳ್ಳಿ. ಆದರೂ ಕೋಡ್ ಏಳುವ ಮೊದಲಿನ ಸ್ವಲ್ಪ ಹೊತ್ತಿಗೆ ಸಾಫ್ಟ್‌ವೇರ್ ಉತ್ತರ ಅಲ್ಲ. ಪಿನ್ನಿನಿಂದ ಗ್ರೌಂಡಿಗೆ 4.7 ಕೆ ಹಾಕಿ. 40 ಕೆ ಎದುರು ಅದು ಪಿನ್ನನ್ನು 0.35 ವೋಲ್ಟ್‌ಗೆ ಇಳಿಸುತ್ತದೆ, ಟ್ರಾನ್ಸಿಸ್ಟರ್ ಏಳಲು 0.6 ಬೇಕು.

ಪೆಟ್ಟಿಗೆ ತೆರೆದಾಗ ಇನ್ನೆರಡು ಕೆಲಸ ಮುಗಿಸಿಬಿಡಿ. ಕೇಬಲ್‌ನ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇದೆಯಾ ನೋಡಿ. ಲೈನ್ ಮೇಲೆ ಟಿವಿಎಸ್ ಡಯೋಡ್ (ಏರು ವೋಲ್ಟೇಜ್ ತಡೆಯುವುದು) ಇಲ್ಲದಿದ್ದರೆ ಹಾಕಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ 180 ಮೀಟರ್ ತಂತಿ ತೋಟದಲ್ಲಿ ಮಲಗಿರುವುದು ಕಡಿಮೆ ಅಪಾಯ ಅಲ್ಲ. ಎರಡು ಕಡೆಯ ಗ್ರೌಂಡ್ ನಡುವೆ ವ್ಯತ್ಯಾಸ ಜಾಸ್ತಿ ಬಂದರೆ ಸಾಮಾನ್ಯ 485 ಚಿಪ್ ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ತನಕ ಮಾತ್ರ ತಡೆಯುತ್ತದೆ. ಐಸೊಲೇಟೆಡ್ ಮಾಡ್ಯೂಲ್ (ಎರಡು ಕಡೆಯ ಗ್ರೌಂಡ್ ಬೇರೆ ಇಡುವಂಥದ್ದು) ಸಿಕ್ಕರೆ ಅದೇ ಹಾಕಿ.

ತೋಟದಮನೆ

ಬಿಡಿ ಬೋರ್ಡ್‌ಗೆ 4.7 ಕೆ ಹಾಕಿದೆ, ಟಕ್ ನಿಂತಿತು. ಐಸೊಲೇಟೆಡ್ ಮಾಡ್ಯೂಲ್ ಆರ್ಡರ್ ಮಾಡಿದ್ದೇನೆ, ಅದು ಬಂದ ಮೇಲೆಯೇ ಸಿಲಿಕೋನ್ ಕೊಯ್ಯುವುದು. ಮೊದಲ ಸಲ ಮನೆಯಿಂದ ಹಾಕುವಾಗ ಸ್ಟಾರ್ಟರ್‌ನ ಎಂಸಿಬಿ ಇಳಿಸಿಯೇ ಹಾಕುತ್ತೇನೆ.

ಬೆಸುಗೆಹೊಗೆ

ಬೂಟ್‌ಲೋಡರ್ ಕೋಡ್ ಹಂಚಿಕೊಳ್ಳಿ. ಕಾರ್ಕಳದಲ್ಲಿ ನಮ್ಮ ಮಾವನ ಶೆಡ್‌ನಲ್ಲೂ ಇಂಥದ್ದೇ ಪೆಟ್ಟಿಗೆ ಇದೆ, ಅದರಲ್ಲೂ ಕೆಂಪು ಎಲ್‌ಇಡಿ ಪಿಬಿ2ರಲ್ಲೇ ಇರುತ್ತದೆ ನೋಡಿ.